ಪದಚರ್ಚೆ: ಆಟಗಾರನನ್ನು ‘ಟ್ರೇಡ್’ ಮಾಡಿದರು ಅನ್ನೋದಕ್ಕೆ ಯಾವ ಕ್ರಿಯಾಪದ?

ಗೆಳೆಯರೇ,

ಒಂದು ಕ್ರಿಯಾಪದ ಹುಡುಕುತ್ತಿದ್ದೇನೆ. ಸಿಯಾಟಲ್‌ನ ಅಮೆರಿಕನ್ ಫುಟ್‌ಬಾಲ್ ತಂಡ ಸೀಹಾಕ್ಸ್ ಬಗ್ಗೆ ಇಲ್ಲಿನ ಕನ್ನಡ ಓದುಗರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. 2022ರ ಮಾರ್ಚ್‌ನಲ್ಲಿ ಆ ತಂಡ ತನ್ನ ಕ್ವಾರ್ಟರ್‌ಬ್ಯಾಕ್ ರಸಲ್ ವಿಲ್ಸನ್‌ನನ್ನು ಡೆನ್ವರ್ ಬ್ರಾಂಕೋಸ್ ತಂಡಕ್ಕೆ ‘ಟ್ರೇಡ್’ ಮಾಡಿತು, ಅಂದರೆ ಅವನನ್ನು ಕೊಟ್ಟು ಬದಲಿಗೆ ಬೇರೇನನ್ನೋ ತಗೊಂಡಿತು. ಆಮೇಲೆ ಅಭಿಮಾನಿಗಳು ಹೇಗೆ ಕಿತ್ತಾಡಿದರು, ಆ ಸೀಸನ್ ಬಗ್ಗೆ ಏನೇನು ಲೆಕ್ಕ ಹಾಕಿದರು ಅನ್ನೋದು ಲೇಖನದ ವಿಷಯ. ಮೊದಲ ವಾಕ್ಯದಲ್ಲೇ ಸಿಕ್ಕಿಹಾಕಿಕೊಂಡು ಕೂತಿದ್ದೇನೆ.

‘ಟ್ರೇಡ್ ಮಾಡಿದರು’ ಅಂತಲೇ ಬರೆದರೆ ಆಗಲ್ವಾ ಅಂತ ಕೇಳಬಹುದು. ಆಗುತ್ತೆ. ಐಪಿಎಲ್ ಸುದ್ದಿಯಲ್ಲಿ ನಮ್ಮ ಪತ್ರಿಕೆಗಳೂ ಹಾಗೇ ಬರೆಯುತ್ತವೆ. ತಮಾಷೆ ನೋಡಿ, ‘ರಿಟೇನ್’ಗೆ ‘ಉಳಿಸಿಕೊಂಡಿತು’ ಅಂತ ನಿಂತುಬಿಟ್ಟಿದೆ, ‘ರಿಲೀಸ್’ಗೆ ‘ಕೈಬಿಟ್ಟಿತು’ ಅಂತ ನಿಂತುಬಿಟ್ಟಿದೆ. ಟ್ರೇಡ್ ಮಾತ್ರ ಟ್ರೇಡ್ ಆಗಿಯೇ ಉಳಿದಿದೆ. ನನಗೆ ಇಂಗ್ಲಿಷ್ ಪದದ ಮೇಲೆ ಮುನಿಸೇನೂ ಇಲ್ಲ. ಆದರೆ ಸಿಯಾಟಲ್‌ನವರ ಜಗಳ ಇದ್ದದ್ದೇ ಅಲ್ಲಿ ನಡೆದದ್ದನ್ನು ಏನಂತ ಕರೆಯಬೇಕು ಅನ್ನೋದರ ಬಗ್ಗೆ. ಮಾರಿದರಾ, ಸಾಗಹಾಕಿದರಾ, ಅವನೇ ಬಿಟ್ಟು ಹೋದನಾ? ಆ ಜಗಳವನ್ನೆಲ್ಲ ‘ಟ್ರೇಡ್’ ಅನ್ನುವ ಒಂದೇ ಪದದಲ್ಲಿ ಮುಚ್ಚಿಟ್ಟರೆ ಲೇಖನ ಸಪ್ಪೆ ಆಗುತ್ತೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ತಂಡದ ತಲೆ. ದಾಳಿ ಮಾಡುವಾಗ ಹೆಚ್ಚೂಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ವಿಲ್ಸನ್ 2012ರಲ್ಲಿ ಹೊಸಬರ ಆಯ್ಕೆಯ ಮೂರನೇ ಸುತ್ತಿನಲ್ಲಿ, 75ನೆಯವನಾಗಿ ಸೀಹಾಕ್ಸ್‌ಗೆ ಸಿಕ್ಕ ಹುಡುಗ. ಎರಡನೇ ವರ್ಷವೇ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದುಕೊಟ್ಟ. 2014ರ ಫೆಬ್ರವರಿಯ ಆ ಪಂದ್ಯದಲ್ಲಿ 43-8ರಿಂದ ಸೋತವರು ಯಾರು ಗೊತ್ತಾ? ಇದೇ ಡೆನ್ವರ್. ಹತ್ತು ಸೀಸನ್‌ನಲ್ಲಿ ಎಂಟು ಸಲ ತಂಡ ಪ್ಲೇಆಫ್ ತಲುಪಿತು. 2021ರಲ್ಲಿ ಎಸೆಯುವ ಕೈಯ ಬೆರಳು ಮುರಿದುಕೊಂಡು ಮೂರು ಪಂದ್ಯ ಕೂತ. ತಂಡ 7 ಗೆದ್ದು 10 ಸೋತಿತು. ಮಾರ್ಚ್‌ನಲ್ಲಿ ಡೆನ್ವರ್ ಸುದ್ದಿ ಬಂತು.

ಸಿಯಾಟಲ್‌ಗೆ ಬದಲಿಗೆ ಸಿಕ್ಕಿದ್ದು ಮೂವರು ಆಟಗಾರರು: ಡ್ರೂ ಲಾಕ್, ನೋವಾ ಫ್ಯಾಂಟ್, ಶೆಲ್ಬಿ ಹ್ಯಾರಿಸ್. ಜೊತೆಗೆ ಎರಡು ಮೊದಲ ಸುತ್ತಿನ, ಎರಡು ಎರಡನೇ ಸುತ್ತಿನ, ಒಂದು ಐದನೇ ಸುತ್ತಿನ ‘ಡ್ರಾಫ್ಟ್ ಪಿಕ್’. ವಿಲ್ಸನ್ ಜೊತೆಗೆ ನಾಲ್ಕನೇ ಸುತ್ತಿನದೊಂದನ್ನು ಇವರೂ ಕೊಟ್ಟರು. ಈ ‘ಪಿಕ್’ಗೆ ನಾನು ‘ಪಾಳಿ’ ಅಂತ ಬಳಸುತ್ತಿದ್ದೇನೆ. ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಜಾಸ್ತಿ ಸೋತವರಿಗೆ ಮೊದಲ ಪಾಳಿ. ಆ ಪಾಳಿಯನ್ನೇ ಇನ್ನೊಬ್ಬರಿಗೆ ಕೊಡಬಹುದು, ತಗೊಳ್ಳಬಹುದು. ‘ಆಯ್ಕೆ’ ಅಂದರೆ ಆರಿಸಿದ ಹುಡುಗನೂ ಆಗುತ್ತಾನೆ, ಆರಿಸುವ ಹಕ್ಕೂ ಆಗುತ್ತೆ, ಗೊಂದಲ. ‘ಪಾಳಿ’ಯಲ್ಲಿ ಆ ತೊಂದರೆ ಇಲ್ಲ. ಇದು ಯಾರಿಗಾದರೂ ಕಿವಿಗೆ ಒಗ್ಗದಿದ್ದರೆ ಹೇಳಿ.

ಈಗ ಕ್ರಿಯಾಪದಕ್ಕೆ ಬರೋಣ.

‘ಮಾರಿದರು’ ಬರಲ್ಲ. ಇಲ್ಲಿ ದುಡ್ಡಿಗೆ ಆಟಗಾರನನ್ನು ಕೊಡುವ ಪದ್ಧತಿ ಇಲ್ಲ. ಯೂರೋಪಿನ ಫುಟ್‌ಬಾಲ್‌ನಲ್ಲಿ ಕ್ಲಬ್‌ಗಳು ದುಡ್ಡು ಎಣಿಸಿ ಕೊಡುತ್ತವೆ, ಅಲ್ಲಿ ಮಾರಾಟ ಸರಿ. ಐಪಿಎಲ್ ಹರಾಜಿನಲ್ಲಿ ‘ಬಿಕರಿಯಾದರು’ ಅಂತ ಬರೆದಾಗಲೂ ಒಪ್ಪಬಹುದು (ಸಂತೆಯ ವಾಸನೆ ಸ್ವಲ್ಪ ಜಾಸ್ತಿಯೇ ಹೊಡೆಯುತ್ತೆ, ಆ ಮಾತು ಬೇರೆ). ಆದರೂ ಸಿಟ್ಟು ಬಂದ ಅಭಿಮಾನಿ ‘ಮಾರಿಬಿಟ್ಟರು ಕಣೋ’ ಅಂತಲೇ ಬೈಯುತ್ತಾನೆ. ಅದು ಅವನ ಬಾಯಲ್ಲಿ ಸರಿ, ವರದಿಗಾರನ ಬಾಯಲ್ಲಿ ಅಲ್ಲ.

‘ವಿನಿಮಯ ಮಾಡಿಕೊಂಡರು’ ಅರ್ಥದಲ್ಲಿ ಹತ್ತಿರ. ತೊಂದರೆ ಇರುವುದು ವಾಕ್ಯ ಕಟ್ಟುವಾಗ. ‘ವಿಲ್ಸನ್‌ನನ್ನು ವಿನಿಮಯ ಮಾಡಿದರು’ ಅಂದರೆ ವಾಕ್ಯ ಕುಂಟುತ್ತದೆ. ಯಾತಕ್ಕೆ ಅಂತ ಓದುಗ ಕಾಯುತ್ತಾನೆ. ನಮ್ಮಲ್ಲಿ ವಿನಿಮಯಕ್ಕೆ ಎರಡು ಕಡೆಯೂ ಕಾಣಬೇಕು. ಅಭಿಪ್ರಾಯ ವಿನಿಮಯ, ಹಾರ ವಿನಿಮಯ, ಎಲ್ಲದರಲ್ಲೂ ಎರಡೂ ಕಡೆ ಒಂದೇ ಜಾತಿಯ ವಸ್ತು. 2009ರ ಐಪಿಎಲ್‌ಗೆ ಮುಂಚೆ ಬೆಂಗಳೂರಿನಿಂದ ಜಹೀರ್ ಖಾನ್ ಮುಂಬೈಗೆ ಹೋಗಿ, ಅಲ್ಲಿಂದ ನಮ್ಮ ರಾಬಿನ್ ಉತ್ತಪ್ಪ ಬೆಂಗಳೂರಿಗೆ ಬಂದದ್ದು ನೆನಪಿರಬಹುದು. ಅದು ಅಚ್ಚುಕಟ್ಟಾದ ವಿನಿಮಯ. ಒಬ್ಬ ಹೋದ, ಒಬ್ಬ ಬಂದ. ಇಲ್ಲಿ ಹೋದವನು ಕಣ್ಣೆದುರಿಗಿರುವ ಆಟಗಾರ. ಬಂದದ್ದರಲ್ಲಿ ಮುಕ್ಕಾಲು ಪಾಲು, ಮುಂದೆ ಯಾವನೋ ಹೆಸರು ಗೊತ್ತಿಲ್ಲದ ಹುಡುಗನನ್ನು ಆರಿಸುವ ಹಕ್ಕು.

‘ಅದಲುಬದಲು’ ಬೇಡವೇ ಬೇಡ. ಮದುವೆ ಮನೆಯಲ್ಲಿ ಚಪ್ಪಲಿಗೆ ಆಗುವುದು ಅದು.

ಹಾಗಾದರೆ ‘ಕೊಡು’. ನನಗೆ ಇದೇ ಸರಿ ಅನ್ನಿಸುತ್ತಿದೆ, ಮತ್ತು ಇಲ್ಲೇ ಮಜಾ ಇರುವುದು. ಈ ಎರಡು ವಾಕ್ಯ ನೋಡಿ:

ವಿಲ್ಸನ್‌ನನ್ನು ಕೊಟ್ಟು ಐದು ಪಾಳಿ ತಗೊಂಡರು.

ಐದು ಪಾಳಿ ತಗೊಂಡು ವಿಲ್ಸನ್‌ನನ್ನು ಕೊಟ್ಟರು.

ನಡೆದದ್ದು ಒಂದೇ. ಆದರೆ ಕನ್ನಡದಲ್ಲಿ ಭಾರ ಬೀಳುವುದು ಕೊನೆಯ ಕ್ರಿಯಾಪದದ ಮೇಲೆ. ಮೊದಲನೆಯ ವಾಕ್ಯ ಹೇಳುವವನು ಮುಂದಿನ ವರ್ಷಗಳನ್ನು ನೋಡುತ್ತಿದ್ದಾನೆ, ಲಾಭದ ಲೆಕ್ಕದಲ್ಲಿದ್ದಾನೆ. ಎರಡನೆಯದನ್ನು ಹೇಳುವವನಿಗೆ ಹೊಟ್ಟೆ ಉರಿದಿದೆ. ಜುಜುಬಿ ಪಾಳಿಗೆ ಎಂಥಾ ಆಟಗಾರನನ್ನು ಕೊಟ್ಟರಲ್ಲ ಅಂತ. 2022ರ ಬೇಸಿಗೆಯಲ್ಲಿ ಸಿಯಾಟಲ್ ಸರಿಯಾಗಿ ಈ ಎರಡು ವಾಕ್ಯಗಳ ನಡುವೆ ಇಬ್ಭಾಗವಾಗಿತ್ತು.

ಆಮೇಲೆ ‘ಕೊಡು’ ಜೊತೆ ಅಂಟಿಕೊಳ್ಳುವ ಬಾಲಗಳು. ‘ಕೊಟ್ಟರು’ ಅಂದರೆ ಬರೀ ಸುದ್ದಿ. ‘ಕೊಟ್ಟುಬಿಟ್ಟರು’ ಅಂದರೆ ಕೊಡಬಾರದಿತ್ತು. ‘ಬಿಟ್ಟುಕೊಟ್ಟರು’ ಅಂದರೆ ಇನ್ನೊಬ್ಬರು ಕೇಳಿದರು, ಇವರು ಪಟ್ಟು ಸಡಿಲಿಸಿದರು. ‘ಸಾಗಹಾಕಿದರು’ ಅಂದರೆ ಪೀಡೆ ತೊಲಗಿತು. ಈ ಕೊನೆಯ ಬಣವೂ ಚಿಕ್ಕದಲ್ಲ. ವಿಲ್ಸನ್‌ಗೆ ವಯಸ್ಸು ಮೂವತ್ಮೂರು ದಾಟಿದೆ, ಮೊದಲಿನ ಹಾಗೆ ಓಡಿ ತಪ್ಪಿಸಿಕೊಳ್ಳಲ್ಲ, ಸಂಬಳದ ಮಿತಿಯಲ್ಲಿ ಒಬ್ಬನಿಗೇ ಇಷ್ಟು ಸುರಿದರೆ ಉಳಿದವರಿಗೆ ಏನು ಉಳಿಯುತ್ತೆ ಅನ್ನೋದು ಅವರ ವಾದ. ಅದೇ ದಿನ ತಂಡ ತನ್ನ ಹಳೆಯ ಹುಲಿ ಬಾಬಿ ವ್ಯಾಗ್ನರ್‌ನನ್ನೂ ತೆಗೆಯಿತು. ಅದು ಟ್ರೇಡ್ ಅಲ್ಲ, ಬದಲಿಗೆ ಏನೂ ಸಿಗಲಿಲ್ಲ. ಅಲ್ಲಿ ‘ಕೈಬಿಟ್ಟರು’ ಸರಿಯಾಗಿ ಕೂರುತ್ತದೆ. ಇಬ್ಬರಿಗೂ ಒಂದೇ ಪದ ಹಾಕಿದರೆ ತಪ್ಪಾಗುತ್ತೆ.

ಇನ್ನೊಂದು ಗಂಟು ಇದೆ. ವಿಲ್ಸನ್ ಒಪ್ಪಂದದಲ್ಲಿ, ಅವನು ಒಪ್ಪದೆ ಯಾರಿಗೂ ಕೊಡುವ ಹಾಗಿಲ್ಲ ಅಂತ ಒಂದು ಷರತ್ತು ಇತ್ತು. ಅಂದರೆ ಡೆನ್ವರ್‌ಗೆ ಹೋಗಲು ಅವನೂ ಒಪ್ಪಿದ್ದಾನೆ. ಹಾಗಾಗಿ ಕರ್ತೃ ಯಾರು ಅನ್ನುವುದೇ ತಕರಾರು. ‘ಕಳಿಸಿದರು’ ಅನ್ನುವವರ ಸಿಟ್ಟು ಕೋಚ್ ಪೀಟ್ ಕ್ಯಾರೊಲ್ ಮತ್ತು ಮ್ಯಾನೇಜರ್ ಜಾನ್ ಶ್ನೈಡರ್ ಮೇಲೆ. ‘ಬಿಟ್ಟು ಹೋದ’ ಅನ್ನುವವರ ಸಿಟ್ಟು ವಿಲ್ಸನ್ ಮೇಲೆ. ಸೆಪ್ಟೆಂಬರ್ 12ರಂದು, ಸೀಸನ್‌ನ ಮೊದಲ ವಾರವೇ, ಅವನು ಡೆನ್ವರ್ ಅಂಗಿ ತೊಟ್ಟು ಸಿಯಾಟಲ್‌ನ ಲ್ಯೂಮೆನ್ ಫೀಲ್ಡ್‌ಗೆ ಬಂದ. ಹತ್ತು ವರ್ಷ ಅವನಿಗೆ ಜೈಕಾರ ಹಾಕಿದ ಜನ ಕಿವಿ ತೂತಾಗುವಂತೆ ‘ಬೂ’ ಅಂದರು. ಆ ರಾತ್ರಿ ಕ್ರೀಡಾಂಗಣದ ವ್ಯಾಕರಣ ‘ಬಿಟ್ಟು ಹೋದ’ ಅಂತಲೇ ಇತ್ತು. (ಈ ‘ಬೂ’ಗೆ ಕನ್ನಡದಲ್ಲಿ ಏನು? ‘ಧಿಕ್ಕಾರ’ ರಾಜಕೀಯದ್ದು, ‘ಗೇಲಿ’ ಮೆತ್ತಗಾಯಿತು. ‘ಹುಯಿಲೆಬ್ಬಿಸಿದರು’ ಸ್ವಲ್ಪ ಹತ್ತಿರ.)

ಆ ಪಂದ್ಯದ ಕೊನೆಯ ನಿಮಿಷ ಹೇಳಲೇಬೇಕು. ಡೆನ್ವರ್ ಒಂದು ಅಂಕ ಹಿಂದೆ. ಚೆಂಡು ತಮ್ಮಲ್ಲೇ ಉಳಿಯಲು ಇದ್ದದ್ದು ಕೊನೆಯ ಯತ್ನ, ಮುಂದೆ ಸಾಗಬೇಕಿದ್ದದ್ದು ಐದು ಗಜ. ಕೈಯಲ್ಲಿ ಟೈಮ್‌ಔಟ್‌ಗಳೂ ಉಳಿದಿದ್ದವು. ಕೋಚ್ ನಥಾನಿಯಲ್ ಹ್ಯಾಕೆಟ್ ಗಡಿಯಾರ ಓಡಲು ಬಿಟ್ಟ, 20 ಸೆಕೆಂಡ್ ಉಳಿದಾಗ ನಿಲ್ಲಿಸಿದ, ಚೆಂಡನ್ನು ವಿಲ್ಸನ್ ಕೈಗೆ ಕೊಡದೆ 64 ಗಜದಿಂದ ಕಂಬಗಳ ನಡುವೆ ಒದೆಯಲು ಬ್ರಾಂಡನ್ ಮ್ಯಾಕ್‌ಮ್ಯಾನಸ್‌ನನ್ನು ಕಳಿಸಿದ. ಚೆಂಡು ಕಂಬದ ಎಡಕ್ಕೆ ಹೋಯಿತು. 17-16, ಸಿಯಾಟಲ್ ಗೆದ್ದಿತು. ಅದಕ್ಕೆ ಎರಡು ವಾರದ ಹಿಂದಷ್ಟೇ 24 ಕೋಟಿ ಡಾಲರ್ ದಾಟಿದ ಹೊಸ ಒಪ್ಪಂದ ಕೊಟ್ಟ ಆಟಗಾರನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು!

ಎರಡನೇ ತೊಡಕು ‘ಪ್ರಾಸ್ಪೆಕ್ಟ್ಸ್’, ಅಂದರೆ ತಂಡ ಮುಂದೆ ಹೇಗೆ ಆಡೀತು ಅನ್ನೋದು. ಸೀಸನ್‌ಗೆ ಮುಂಚೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಅದು. ‘ತಂಡದ ಭವಿಷ್ಯ’ ಅಂದರೆ ಜ್ಯೋತಿಷಿ ನೆನಪಾಗುತ್ತಾನೆ. ‘ಗೆಲ್ಲುವ ಅವಕಾಶ’ ಅಂತ ಎಲ್ಲರೂ ಬರೆಯುತ್ತಾರೆ. ಆದರೆ ‘ಸೋಲುವ ಅವಕಾಶ’ ಅನ್ನಲು ಬರುತ್ತಾ? ಬರಲ್ಲ. ಅವಕಾಶ ಅಂದರೆ ಬೇಕಾದದ್ದಕ್ಕೆ ಜಾಗ. ‘ಸಾಧ್ಯತೆ’ ಎರಡಕ್ಕೂ ಒಗ್ಗುತ್ತದೆ, ಆದರೆ ಸ್ವಲ್ಪ ಹವಾಮಾನ ವರದಿ ಥರ. ನಾವು ಮಾತಾಡುವಾಗ ಹೇಳುವುದು ‘ಲಕ್ಷಣ’. ‘ಈ ಸಲ ಗೆಲ್ಲೋ ಲಕ್ಷಣ ಕಾಣ್ತಿಲ್ಲ.’ ನನಗೆ ಇದು ತುಂಬಾ ಇಷ್ಟ, ಯಾಕಂದರೆ ಲಕ್ಷಣ ನೋಡುವವನ ಕಣ್ಣಿಗೆ ಸಂಬಂಧಪಟ್ಟದ್ದು. ಆ ಬೇಸಿಗೆಯಲ್ಲಿ ಪರಿಣಿತರಿಗೆ ಸಿಯಾಟಲ್‌ನಲ್ಲಿ ಒಳ್ಳೆಯ ಲಕ್ಷಣ ಒಂದೂ ಕಾಣಲಿಲ್ಲ. ಬೆಟ್ಟಿಂಗ್ ಮಂದಿ 17 ಪಂದ್ಯಕ್ಕೆ ಐದಾರು ಗೆಲುವು ಅಂತ ಹಿಡಿದಿದ್ದರು. ಇನ್ನು ಆರ್‌ಸಿಬಿಯವರ ‘ಈ ಸಲ ಕಪ್ ನಮ್ದೆ’ ಇದೆಯಲ್ಲ, ಅದರಲ್ಲಿ ಅವಕಾಶ, ಸಾಧ್ಯತೆ, ಲಕ್ಷಣ ಯಾವುದರ ಹಂಗೂ ಇಲ್ಲ.

ವಿಲ್ಸನ್ ಜಾಗಕ್ಕೆ ಬಂದದ್ದು ಜೀನೋ ಸ್ಮಿತ್. 2019ರಿಂದ ಅಲ್ಲೇ ಬೆಂಚು ಕಾಯುತ್ತಿದ್ದವನು. ಇವನನ್ನು ನಂಬಿ ಸೀಸನ್ ಶುರು ಮಾಡುತ್ತಾರಾ ಅಂತ ಜನ ನಕ್ಕರು. ಅವನು 30 ಟಚ್‌ಡೌನ್ ಎಸೆದ (ಈ ಆಟದ ಗೋಲು ಅನ್ನಿ), ಎಸೆತಗಳಲ್ಲಿ ಶೇಕಡ 69.8 ಗುರಿ ಮುಟ್ಟಿ ಇಡೀ ಲೀಗ್‌ಗೆ ಮೊದಲಿಗನಾದ, ‘ಕಮ್‌ಬ್ಯಾಕ್ ಪ್ಲೇಯರ್ ಆಫ್ ದಿ ಇಯರ್’ ಪ್ರಶಸ್ತಿ ತಗೊಂಡ. ತಂಡ 9-8ರಲ್ಲಿ ಪ್ಲೇಆಫ್‌ಗೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೊ ಎದುರು ಸೋತಿತು. ಡೆನ್ವರ್ 5-12. ಹ್ಯಾಕೆಟ್ ಸೀಸನ್ ಮುಗಿಯುವ ಮುಂಚೆಯೇ ಮನೆಗೆ ಹೋದ. ಡೆನ್ವರ್ ಸೋತಷ್ಟೂ ಸಿಯಾಟಲ್ ಕೈಯಲ್ಲಿದ್ದ ಡೆನ್ವರ್ ಪಾಳಿ ಮೇಲಕ್ಕೆ ಬರುತ್ತಿತ್ತು. ಹೀಗಾಗಿ ಇಲ್ಲಿನವರು ಪ್ರತಿ ಭಾನುವಾರ ಎರಡೆರಡು ಪಂದ್ಯ ನೋಡುತ್ತಿದ್ದರು, ಒಂದು ಗೆಲುವಿಗೆ, ಒಂದು ಸೋಲಿಗೆ. ಕೊನೆಗೆ ಅದು ಐದನೇ ಪಾಳಿಯಾಗಿ ಡೆವನ್ ವಿದರ್‌ಸ್ಪೂನ್ ಬಂದ. 2024ರ ಮಾರ್ಚ್‌ನಲ್ಲಿ ಡೆನ್ವರ್ ವಿಲ್ಸನ್‌ನನ್ನು ಕೈಬಿಟ್ಟಿತು. ಹೌದು, ಈಗ ‘ಕೈಬಿಟ್ಟಿತು’.

ಆ ಮೊದಲ ಪಂದ್ಯ ಗೆದ್ದ ಮೇಲೆ ಜೀನೋ ಹೇಳಿದ ಮಾತು ಇಂಗ್ಲಿಷ್‌ನಲ್ಲಿ ಹೀಗಿದೆ: ‘ದೇ ರೋಟ್ ಮಿ ಆಫ್, ಐ ಏಯ್ಂಟ್ ರೈಟ್ ಬ್ಯಾಕ್ ದೋ.’ ನನ್ನನ್ನು ಲೆಕ್ಕದಿಂದ ಹೊಡೆದುಹಾಕಿದರು, ನಾನು ಉತ್ತರ ಬರೆಯಲಿಲ್ಲ ಅಂತ. ಬರೆಯುವುದರ ಮೇಲಿನ ಆಟ ಕನ್ನಡಕ್ಕೆ ಬರಲ್ಲ. ನಮ್ಮಲ್ಲಿ ಒಬ್ಬನ ಕಥೆ ಮುಗೀತು ಅನ್ನಲು ‘ಎಳ್ಳುನೀರು ಬಿಟ್ಟರು’ ಅನ್ನುತ್ತೇವಲ್ಲ, ಅದನ್ನೇ ಹಿಡಿದೆ: ‘ನನಗೆ ಎಳ್ಳುನೀರು ಬಿಟ್ಟಿದ್ದರು, ನಾನು ಹೋಗಿ ಕುಡಿಯಲಿಲ್ಲ ಅಷ್ಟೇ.’ ಮಾತು ಬೇರೆ, ಕೊಬ್ಬು ಅದೇ. ಸಂಪಾದಕರಿಗೆ ಇದು ಅತಿಯಾಯಿತಂತೆ. ನಿಮಗೇನನ್ನಿಸುತ್ತೆ?

ಕೊನೆಯದಾಗಿ, ಉತ್ತರ ಕರ್ನಾಟಕದ ಗೆಳೆಯರಿಗೆ. ‘ಸಾಟಿ ವ್ಯಾಪಾರ’ ಅಂತ ಅರ್ಥಶಾಸ್ತ್ರದ ಪಾಠದಲ್ಲಿ ಓದಿದ್ದೇವೆ, ದುಡ್ಡಿಲ್ಲದೆ ವಸ್ತುವಿಗೆ ವಸ್ತು ಕೊಡುವುದು. ಈ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ‘ಸಾಟಿ’ಗೆ ಸರಿಸಮ ಅನ್ನುವ ಅರ್ಥವೂ ಇರುವುದರಿಂದ ‘ವಿಲ್ಸನ್‌ನನ್ನು ಐದು ಪಾಳಿಗೆ ಸಾಟಿ ಹಾಕಿದರು’ ಅಂದರೆ, ಅಷ್ಟು ಬೆಲೆ ಬಾಳುತ್ತಿದ್ದನಾ ಅನ್ನುವ ಜಗಳವೂ ಅದರೊಳಗೇ ಬಂತು. ಆದರೆ ನಾನು ಹಳೆ ಮೈಸೂರಿನವನು, ‘ಸಾಟಿ ಹಾಕು’ ಅನ್ನುವ ಪ್ರಯೋಗ ನಾನೇ ಕಟ್ಟಿಕೊಂಡದ್ದು. ನಿಮ್ಮ ಕಡೆ ಮಾತಿನಲ್ಲಿ ಇದಕ್ಕೆ ಯಾವ ಕ್ರಿಯಾಪದ ಸೇರುತ್ತೆ? ಸಾಟಿ ಮಾಡು, ಸಾಟಿ ಕೊಡು, ಸಾಟಿಗೆ ಬಿಡು? ದನದ ಜಾತ್ರೆಯಲ್ಲಿ ಕೇಳಿದವರಿದ್ದರೆ ಪೂರ್ತಿ ವಾಕ್ಯವನ್ನೇ ಬರೆದು ಕಳಿಸಿ.