ಹತ್ತು ವರ್ಷ ಸಾಮಾಜಿಕ ಪರಿಶೋಧನೆ ಮಾಡಿದವಳಿಗೆ ಎಐ ನೈತಿಕತೆಯ ಸಂಸ್ಥೆಗಳಲ್ಲಿ ಜಾಗವಿದೆಯೇ?

ಅಳತೆಪುಸ್ತಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯು ಮುಗಿಸಿದ ಮೇಲೆ ಹತ್ತು ವರ್ಷ ನಾನು ಕಲ್ಯಾಣ ಕರ್ನಾಟಕದ ತಾಲ್ಲೂಕುಗಳಲ್ಲಿ ಗುತ್ತಿಗೆಯ ಮೇಲೆ ಉದ್ಯೋಗ ಖಾತ್ರಿ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ ಮಾಡಿದ್ದೇನೆ. ಪಂಚಾಯಿತಿಯಿಂದ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ), ಆದ ಕೆಲಸದ ಅಳತೆ ಪುಸ್ತಕ, ಪಾವತಿಯ ಪಟ್ಟಿ ತರಿಸಿಕೊಳ್ಳುವುದು, ಜಾಬ್ ಕಾರ್ಡ್ ಇರುವ ಮನೆಗಳಿಗೆ ಹೋಗಿ ‘ಈ ದಿನಗಳಲ್ಲಿ ನೀವು ದುಡಿದದ್ದು ಹೌದೇ, ಕೂಲಿ ಕೈಸೇರಿತೇ’ ಎಂದು ಕೇಳುವುದು, ಕೊನೆಗೆ ಗ್ರಾಮಸಭೆಯಲ್ಲಿ ಎಲ್ಲರೆದುರು ವರದಿ ಓದುವುದು ಈ ಕೆಲಸದ ತಿರುಳು.

ಈಚಿನ ವರ್ಷಗಳಲ್ಲಿ ನಾನು ತಾಳೆ ನೋಡಬೇಕಾದ ದಾಖಲೆಯ ಸ್ವರೂಪವೇ ಬದಲಾಯಿತು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಎನ್‌ಎಂಎಂಎಸ್ ಎಂಬ ಹಾಜರಿ ಆ್ಯಪಿನಲ್ಲಿ ದಿನಕ್ಕೆ ಎರಡು ಬಾರಿ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಅಂಗನವಾಡಿಗಳಲ್ಲಿ ಮನೆಗೆ ಒಯ್ಯುವ ಆಹಾರಕ್ಕಾಗಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪಿನಲ್ಲಿ ತಾಯಂದಿರ ಮುಖಚಹರೆಯನ್ನು ಹೋಲಿಸಿ ನೋಡುವ ವ್ಯವಸ್ಥೆ ಬಂತು. ಕಾಗದದ ಮೇಲೆ ಸುಳ್ಳು ಬರೆದಿದ್ದರೆ ಬರೆದವರು ಯಾರೆಂದು ಸಭೆಯಲ್ಲೇ ಕೇಳಬಹುದಿತ್ತು. ಪರದೆ ‘ಹೊಂದಿಕೆಯಾಗಲಿಲ್ಲ’ ಎಂದಾಗ ಯಾರನ್ನು ನಿಲ್ಲಿಸಿ ಕೇಳಬೇಕೆಂದು ನನಗೆ ತಿಳಿಯಲಿಲ್ಲ, ಗ್ರಾಮಸಭೆಗೂ ತಿಳಿಯಲಿಲ್ಲ. ಈ ಪ್ರಶ್ನೆಯನ್ನು ಹಿಡಿದು ಕೆಲಸ ಮಾಡುವ ಲಾಭರಹಿತ ಸಂಸ್ಥೆಗಳಿವೆ ಎಂದು ಈಚೆಗೆ ಗೊತ್ತಾಯಿತು. ಆದರೆ ನನಗೆ 36 ವರ್ಷ, ಕೋಡ್ ಬರೆಯಲು ಬಾರದು, ಇಂಗ್ಲಿಷ್ ಓದಬಲ್ಲೆನಾದರೂ ಮಾತಾಡುವಾಗ ತಡವರಿಸುತ್ತೇನೆ. ಮೊದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕೇ, ಕಾನೂನು ಓದಬೇಕೇ, ಅಥವಾ ಈ ಆಸೆಯನ್ನೇ ಬಿಡಬೇಕೇ? ಬಲ್ಲವರು ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ಕೋರುತ್ತೇನೆ.

ಕರಡುತಿದ್ದುವವ

ಮೇಡಂ, ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವನು. ಈಗ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಕನ್ನಡ ಧ್ವನಿ ದತ್ತಾಂಶದ ಗುಣಮಟ್ಟ ನೋಡುತ್ತೇನೆ. ಯಂತ್ರಕ್ಕೆ ಕಲಿಸಲು ಜೋಡಿಸಿದ ಕನ್ನಡದಲ್ಲಿ ಯಾವ ಸೀಮೆಯ ಮಾತು ಬಿಟ್ಟುಹೋಗಿದೆ ಎಂದು ಹುಡುಕುವುದು ನನ್ನ ಕೆಲಸ. ಹಾಗಾಗಿ ಅಡ್ಡದಾರಿಯಿಂದ ಬಂದವರಲ್ಲಿ ನೀವು ಮೊದಲಿಗರಲ್ಲ.

ಪೈಥಾನ್ ವಿಷಯ ಆಮೇಲೆ ನೋಡೋಣ. ನಿಮ್ಮ ಕಸುಬು ಏನೆಂಬುದನ್ನು ನೀವೇ ಕಡಿಮೆ ಅಂದಾಜು ಮಾಡಿದ್ದೀರಿ ಎಂಬುದು ನನ್ನ ತಕರಾರು. ಆಸ್ಟ್ರೇಲಿಯಾದ ‘ರೋಬೋಡೆಟ್’ ಪ್ರಕರಣವನ್ನೇ ನೋಡಿ. ಸರ್ಕಾರದ ನೆರವು ಪಡೆದವರ ಇಡೀ ವರ್ಷದ ಆದಾಯವನ್ನು ಗಣಕಯಂತ್ರವು ಹದಿನೈದು ದಿನಗಳ ಕಂತುಗಳಿಗೆ ಸಮನಾಗಿ ಹಂಚಿತು. ಸುಗ್ಗಿಯಲ್ಲಿ ದುಡಿದು ಉಳಿದ ತಿಂಗಳು ಕೆಲಸವಿಲ್ಲದೆ ಕುಳಿತವನೂ ವರ್ಷವಿಡೀ ಸಂಬಳ ಪಡೆದವನಂತೆ ಕಂಡ, ‘ನೀನು ಹೆಚ್ಚು ಹಣ ಪಡೆದಿದ್ದೀಯ, ಮರಳಿಸು’ ಎಂಬ ನೋಟಿಸು ಅವನ ಮನೆಗೆ ಹೋಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರು ಇದಕ್ಕೆ ಸಿಕ್ಕಿಕೊಂಡರು, 2023ರಲ್ಲಿ ರಾಯಲ್ ಕಮಿಷನ್ ಎಂಬ ವಿಚಾರಣಾ ಆಯೋಗದ ವರದಿಯೂ ಬಂತು. ಆ ವ್ಯವಸ್ಥೆಯಲ್ಲಿ ಎಐ ಎಂಬುದು ಇರಲೇ ಇಲ್ಲ, ಇದ್ದದ್ದು ಭಾಗಾಕಾರ. ಕೂಲಿಯವರ ಕೆಲಸದ ದಿನಗಳು ವರ್ಷದುದ್ದಕ್ಕೂ ಹೇಗೆ ಏರಿಳಿಯುತ್ತವೆ ಎಂದು ಬಲ್ಲ ಪರಿಶೋಧಕಿಯೊಬ್ಬಳು ಆ ಲೆಕ್ಕವನ್ನು ಕಂಡಿದ್ದರೆ ಮೊದಲ ದಿನವೇ ತಕರಾರು ಎತ್ತುತ್ತಿದ್ದಳು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ, ನಿಮ್ಮ ನೆರೆಯ ತೆಲಂಗಾಣದಲ್ಲಿ ‘ಸಮಗ್ರ ವೇದಿಕ’ ಎಂಬ ತಂತ್ರಾಂಶವಿದೆ. ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿರುವ ಹೆಸರು, ವಿಳಾಸಗಳನ್ನು ಹೋಲಿಸಿ ‘ಇವರಿಬ್ಬರೂ ಒಬ್ಬರೇ’ ಎಂದು ಅದು ಊಹಿಸುತ್ತದೆ. ತೀರಿಹೋದ ರಿಕ್ಷಾ ತುಳಿಯುವವನ ಹೆಸರು ಯಾರೋ ಕಾರಿನ ಒಡೆಯನ ಹೆಸರಿಗೆ ತಾಳೆಯಾಗಿ, ಅವನ ಹೆಂಡತಿಗೆ ಪಡಿತರ ತಪ್ಪಿದ ಸಂಗತಿಯನ್ನು 2024ರಲ್ಲಿ ವರದಿಗಾರರು ಹೊರಗೆಡವಿದರು. ಅದಕ್ಕೂ ಮೊದಲು, 2022ರಲ್ಲಿ, ಆ ರಾಜ್ಯದಲ್ಲಿ ರದ್ದಾದ ಕಾರ್ಡುಗಳನ್ನು ಸ್ಥಳಕ್ಕೇ ಹೋಗಿ ಮರುಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಯಂತ್ರದ ತಪ್ಪಿಗೆ ನ್ಯಾಯಾಲಯ ಸೂಚಿಸಿದ ಪರಿಹಾರ ಏನೆಂದು ಗಮನಿಸಿ: ಮನೆಮನೆಗೆ ಹೋಗಿ ಕೇಳುವುದು. ನೀವು ಹತ್ತು ವರ್ಷ ಮಾಡಿದ್ದೂ ಅದನ್ನೇ ಅಲ್ಲವೇ?

ಒಂದು ಎಚ್ಚರಿಕೆ. ನಮ್ಮ ಭಾಷೆಯಲ್ಲಿ ‘ನೀತಿ’ ಎಂಬ ಒಂದೇ ಮಾತು ಎಥಿಕ್ಸ್‌ಗೂ ಪಾಲಿಸಿಗೂ ಸಲ್ಲುತ್ತದೆ, ಉದ್ಯೋಗದ ಜಾಹೀರಾತಿನಲ್ಲಿ ಮಾತ್ರ ಎರಡೂ ಬೇರೆ. ಪಾಲಿಸಿ ಹುದ್ದೆಗಳಿಗೆ ಇಂಗ್ಲಿಷ್ ಬರವಣಿಗೆ ಬೇಕೇ ಬೇಕು. ಕ್ಷೇತ್ರ ಸಂಶೋಧನೆಯ ಹುದ್ದೆಗಳಲ್ಲಿ ನಿಮ್ಮ ಕನ್ನಡಕ್ಕೆ, ಅದರಲ್ಲೂ ನಿಮ್ಮ ಸೀಮೆಯ ಕನ್ನಡಕ್ಕೆ, ಬೆಲೆಯಿದೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ, ಐಟಿ ಫಾರ್ ಚೇಂಜ್, ದೆಹಲಿಯ ಇಂಟರ್ನೆಟ್ ಫ್ರೀಡಂ ಫೌಂಡೇಶನ್, ಈ ಲಾಭರಹಿತ ಸಂಸ್ಥೆಗಳ ಪ್ರಕಟಣೆಗಳನ್ನು ಓದುತ್ತಾ ಹೋಗಿ. ಕೊನೆಯದರ ‘ಪನಾಪ್ಟಿಕ್’ ಯೋಜನೆ ದೇಶದಲ್ಲಿ ಎಲ್ಲೆಲ್ಲಿ ಮುಖ ಗುರುತಿಸುವ ತಂತ್ರಾಂಶ ಬಳಕೆಯಾಗುತ್ತಿದೆ ಎಂದು ಪಟ್ಟಿ ಮಾಡುತ್ತದೆ.

ಮೂರನೇಪಾಳಿ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಹೊಟ್ಟೆಪಾಡಿನ ಮಾತನ್ನು ಅವರು ಬಿಟ್ಟಿದ್ದಾರೆ. ನಾನು ಸಾಫ್ಟ್‌ವೇರ್ ಕಂಪನಿಯಿಂದ ಇಂಥ ಸಂಸ್ಥೆಗೆ ಹೋಗಿ ಎರಡು ವರ್ಷ ಇದ್ದು ಮರಳಿದವನು. ಹುದ್ದೆಗಳು ಸಾಮಾನ್ಯವಾಗಿ ಅನುದಾನದ ಅವಧಿಗೆ ಕಟ್ಟುಬಿದ್ದಿರುತ್ತವೆ, ಅನುದಾನ ಮುಗಿದರೆ ಹುದ್ದೆಯೂ ಮುಗಿಯುತ್ತದೆ. 2020ರಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು, ಆ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದೂ ನಿಷಿದ್ಧವಾಯಿತು. ಬೆಂಗಳೂರಿನ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣದಲ್ಲಿ ನಿಮ್ಮ ಜಿಲ್ಲೆಯ ಸಣ್ಣ ಸಂಸ್ಥೆಗೆ ಪಾಲು ಕೊಟ್ಟು ನಿಮ್ಮನ್ನು ಅಲ್ಲೇ ನೇಮಿಸುವ ಹಾದಿ ಹೀಗೆ ಮುಚ್ಚಿದೆ. ಮನೆಯ ಜವಾಬ್ದಾರಿ ನಿಮ್ಮ ಮೇಲಿದ್ದರೆ, ಕೈಯಲ್ಲಿರುವ ಕೆಲಸ ಬಿಡುವ ಮುನ್ನ ಅರೆಕಾಲಿಕ ಕ್ಷೇತ್ರಕಾರ್ಯಕ್ಕೆ ಪ್ರಯತ್ನಿಸಿ.

ಪೈಥಾನ್ ಸದ್ಯಕ್ಕೆ ಬೇಡವೆನ್ನುವುದಕ್ಕೆ ನನ್ನ ಸಹಮತವಿದೆ. ಆದರೆ ಸಂಖ್ಯಾಶಾಸ್ತ್ರದ ಒಂದು ಸಣ್ಣ ಭಾಗ ಅನಿವಾರ್ಯ. ಯಂತ್ರವು ಅರ್ಹರನ್ನು ಹೊರಗಿಡುವ ತಪ್ಪು ಬೇರೆ, ಅನರ್ಹರನ್ನು ಒಳಬಿಡುವ ತಪ್ಪು ಬೇರೆ, ಒಂದನ್ನು ತಗ್ಗಿಸಹೊರಟರೆ ಇನ್ನೊಂದು ಏರುವುದು ಸಾಮಾನ್ಯ. 2018ರಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿತ್ ಗೆಬ್ರು ಎಂಬ ಸಂಶೋಧಕಿಯರು ಮುಖ ನೋಡಿ ಲಿಂಗ ಹೇಳುವ ಮೂರು ವಾಣಿಜ್ಯ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಬಿಳಿಬಣ್ಣದ ಪುರುಷರಲ್ಲಿ ತಪ್ಪು ಶೇ 0.8ನ್ನು ಮೀರಲಿಲ್ಲ, ಕಪ್ಪುಬಣ್ಣದ ಮಹಿಳೆಯರಲ್ಲಿ ಶೇ 34.7ರವರೆಗೂ ಹೋಯಿತು. ಎಲ್ಲರನ್ನೂ ಒಟ್ಟಿಗೆ ಸೇರಿಸಿ ಸರಾಸರಿ ಹೇಳಿದ್ದರೆ ಆ ಅಂತರ ಕಾಣುತ್ತಲೇ ಇರಲಿಲ್ಲ. ಇಷ್ಟನ್ನು ಅರಿತು ಪ್ರಶ್ನಿಸಲು ಹತ್ತನೇ ತರಗತಿಯ ಗಣಿತ ಸಾಕು.

ಅಳತೆಪುಸ್ತಕ

ಇಬ್ಬರಿಗೂ ಧನ್ಯವಾದಗಳು. ಗುತ್ತಿಗೆಯ ಬದುಕು ನನಗೆ ಹೊಸದಲ್ಲ, ಆ ಭಯ ಹಳೆಯದಾಗಿದೆ. ಅರ್ಜಿಯ ಜೊತೆ ನನ್ನ ಕೆಲಸದ ಮಾದರಿಯೆಂದು ಏನನ್ನು ಕಳುಹಿಸಬೇಕು ಎಂಬುದೇ ಈಗ ಉಳಿದ ಪ್ರಶ್ನೆ. ನನ್ನ ಹಳೆಯ ವರದಿಗಳಲ್ಲಿ ಕೂಲಿಕಾರರ ಹೆಸರುಗಳಿವೆ, ಅವುಗಳನ್ನು ಯಾರಿಗೂ ಕೊಡಲಾರೆ.

ನಕಲುಅರ್ಜಿ

ಕೊಡಬೇಡಿ. ಆ ಸಂಕೋಚವೇ ಈ ಕ್ಷೇತ್ರಕ್ಕೆ ಬೇಕಾದ ಗುಣ. ಹೊಸದೊಂದನ್ನು ಬರೆಯಿರಿ, ಅದಕ್ಕೆ ಬಂಡವಾಳ ಮಾಹಿತಿ ಹಕ್ಕಿನ ಅರ್ಜಿಯ ಶುಲ್ಕ ಹತ್ತು ರೂಪಾಯಿ ಮಾತ್ರ.

ನಾನು ವಕೀಲ. ಮಾಹಿತಿ ಹಕ್ಕಿನ ಅರ್ಜಿಗಳನ್ನು ಬರೆದುಕೊಡುವುದು ನನ್ನ ಹವ್ಯಾಸವೆನ್ನಿ, ಚಟವೆನ್ನಿ. ನಿಮ್ಮ ಜಿಲ್ಲೆಯಲ್ಲಿ ಕಳೆದ ಆರು ತಿಂಗಳಲ್ಲಿ ಅಂಗನವಾಡಿ ಆಹಾರಕ್ಕಾಗಿ ಮುಖಚಹರೆ ತಾಳೆಯಾಗದ ಫಲಾನುಭವಿಗಳ ಸಂಖ್ಯೆ ತಿಂಗಳುವಾರು ಎಷ್ಟು, ತಾಳೆಯಾಗದವರಿಗೆ ಆಹಾರ ಕೊಡುವ ಬಗ್ಗೆ ಹೊರಡಿಸಿದ ಸುತ್ತೋಲೆಯ ಪ್ರತಿ, ಈ ಕುರಿತ ದೂರು ವಹಿಯ ಪ್ರತಿ, ಇವಿಷ್ಟನ್ನು ಅಂಗನವಾಡಿಗಳನ್ನು ನೋಡಿಕೊಳ್ಳುವ ಇಲಾಖೆಯ ಜಿಲ್ಲಾ ಮಟ್ಟದ ಕಚೇರಿಗೆ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು 150 ಪದ ಮೀರಬಾರದು, ಬಹಳ ಜನರು ಇಲ್ಲೇ ಎಡವುತ್ತಾರೆ. ‘ಏಕೆ’ ಎಂದು ಕೇಳಿದರೆ ಅದು ಮಾಹಿತಿಯಲ್ಲವೆಂದು ತಳ್ಳಿಹಾಕುತ್ತಾರೆ, ಆದ್ದರಿಂದ ಕಡತದಲ್ಲಿರುವುದನ್ನು ಮಾತ್ರ ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ, ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ, ಮೌನವಾಗಿದ್ದರು ಎಂಬುದನ್ನೂ ವರದಿಯಲ್ಲಿ ದಾಖಲಿಸಿ. ಈ ನಡುವೆ ಹತ್ತು ಹದಿನೈದು ತಾಯಂದಿರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಅವರ ಅನುಭವ ಬರೆದುಕೊಳ್ಳಿ. ಎರಡನ್ನೂ ತಾಳೆ ನೋಡಿ ನಾಲ್ಕು ಪುಟ ಕನ್ನಡದಲ್ಲಿ ಬರೆಯಿರಿ.

ವಯಸ್ಸಿನ ಬಗ್ಗೆ ಹೇಳಿದಿರಲ್ಲ, ಅದಕ್ಕೊಂದು ಮಾತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು, ಆಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪಿತ್ತದ್ದು ಆ ಪ್ರಕರಣದಲ್ಲಿಯೇ.

ಅರ್ಜಿಯ ಕರಡು ಸಿದ್ಧವಾದ ಮೇಲೆ ಇಲ್ಲಿಯೇ ಹಾಕಿ. ಪದಗಳನ್ನು ಎಣಿಸಿ ಕೊಡುತ್ತೇನೆ.