ಮಳೆಗಾಲ ಮುಗಿಯುವಷ್ಟರಲ್ಲಿ ಸೈಪ್ರಸ್ ಕಂದು: ತಾರಸಿ ಕುಂಡದ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ): ನಮಸ್ಕಾರ ಸರ್. ಜನವರಿಯಲ್ಲಿ ತಾರಸಿಗೆಂದು ಒಂದು ಗೋಲ್ಡನ್ ಸೈಪ್ರಸ್, ಎರಡು ಜುನಿಪರ್ ತಂದೆ. ಜೂನ್‌ವರೆಗೆ ಚೆನ್ನಾಗಿದ್ದವು. ಈಗ ಸೆಪ್ಟೆಂಬರ್. ಸೈಪ್ರಸ್ ಒಳಗಿಂದ ಕಂದಾಗುತ್ತಾ ಬಂದಿದೆ, ಮುಟ್ಟಿದರೆ ಉದುರುತ್ತದೆ. ಒಣಗಿದೆ ಅಂತ ಅತ್ತೆ ದಿನಾ ಒಂದು ಚೊಂಬು ನೀರು ಹಾಕುತ್ತಿದ್ದಾರೆ. ಕೆಳಗೆ ತಟ್ಟೆಯೂ ಇದೆ. ಗೊಬ್ಬರ ಕಡಿಮೆಯಾಯಿತಾ?

ಉತ್ತರ: ಮೊದಲು ಆ ಚೊಂಬು ನಿಲ್ಲಿಸಿ ಮೇಡಂ. ತಟ್ಟೆ ತೆಗೆಯಿರಿ. ಗೊಬ್ಬರದ ಮಾತು ಆಮೇಲೆ.

ಇದು ಒಣಗಿದ್ದಲ್ಲ, ಬೇರು ಕೊಳೆತದ್ದಿರಬೇಕು. ಕೊಳೆತ ಬೇರು ನೀರು ಎಳೆಯುವುದಿಲ್ಲ. ಹಾಗಾಗಿ ಗಿಡ ಬಾಯಾರಿದ ಹಾಗೇ ಕಾಣುತ್ತದೆ. ದಾಸವಾಳವಾದರೆ ಎರಡು ದಿನದಲ್ಲಿ ಎಲೆ ಜೋತುಬಿದ್ದು ಹೇಳಿಬಿಡುತ್ತದೆ. ಈ ಜಾತಿ ಹೇಳುವುದಿಲ್ಲ. ಬೇರು ಸತ್ತು ವಾರಗಟ್ಟಲೆ ಆದರೂ ಮೇಲೆ ಹಸಿರಾಗೇ ನಿಂತಿರುತ್ತದೆ. ನೀವು ಈಗ ನೋಡುತ್ತಿರುವುದು ಜುಲೈನಲ್ಲಿ ಆದದ್ದು.

ಅಡಿಕೆ ತೋಟದವರಿಗೆ ಇದು ಹೊಸದಲ್ಲ. ಕೊಳೆರೋಗ ತರುವ, ಶಿಲೀಂಧ್ರದಂಥ ಸೂಕ್ಷ್ಮಜೀವಿ ಫೈಟಾಫ್ತೊರಾದ ನೆಂಟರೇ ಕುಂಡದ ಬೇರನ್ನೂ ತಿನ್ನುವುದು. ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುತ್ತೇವೆ, ಕುಂಡವನ್ನು ಮಾತ್ರ ಸೂರಿನ ನೀರು ಬೀಳುವಲ್ಲೇ ಇಡುತ್ತೇವೆ! ಗೋಲ್ಡನ್ ಸೈಪ್ರಸ್‌ನ ಮೂಲ ಕ್ಯಾಲಿಫೋರ್ನಿಯಾದ ಮಾಂಟೆರೆ ಕರಾವಳಿ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಅಂದರೆ ತಂಪು, ಮಂಜು, ಮಳೆಯೇ ಇಲ್ಲ. ನಮ್ಮದು ಪೂರಾ ಉಲ್ಟಾ.

ಕುಂಡ ಮಗುಚಿ ಗಿಡ ಹೊರಗೆ ತೆಗೆಯಿರಿ. ಸಣ್ಣ ಬೇರೊಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ, ಮೂಸಿಯೂ ನೋಡಿ. ನಡುವೆ ಜಿಗಟು ಮಣ್ಣಿನ ಉಂಡೆ ಇದೆಯಾ ಅಂತಲೂ ಹೇಳಿ.

ಮರುಪ್ರಶ್ನೆ: ತೆಗೆದೆ ಸರ್. ಬೇರಿನ ಸಿಪ್ಪೆ ಕೈಗೇ ಬಂತು, ಒಳಗೆ ಕಪ್ಪು ದಾರದ ಹಾಗೆ ಉಳಿಯಿತು. ಚರಂಡಿ ವಾಸನೆ. ಉಂಡೆ ಇದೆ, ಇನ್ನೂ ತೊಟ್ಟಿಕ್ಕುತ್ತಿದೆ. ಬುಡದವರೆಗೆ ಕತ್ತರಿಸಿದರೆ ಚಿಗುರುತ್ತದಾ? ತೋಟಕ್ಕೆ ಮಾಡಿದ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸ್ವಲ್ಪ ಉಳಿದಿದೆ, ಬುಡಕ್ಕೆ ಹಾಕಲಾ?

ಉತ್ತರ: ಚಿಗುರುವುದಿಲ್ಲ. ಸೈಪ್ರಸ್, ಥೂಜಾ, ಜುನಿಪರ್ ಯಾವುದೂ ಎಲೆಯಿಲ್ಲದ ಹಳೇ ಕೊಂಬೆಯಿಂದ ಚಿಗುರೊಡೆಯುವುದಿಲ್ಲ. ಕಾಂಡವನ್ನು ಉಗುರಲ್ಲಿ ಕೆರೆದು ನೋಡಿ. ತೊಗಟೆ ಕೆಳಗೆ ಹಸಿರು ಇಲ್ಲದಿದ್ದರೆ ಕಥೆ ಮುಗಿಯಿತು. ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ. ಬೋರ್ಡೋ ಮಾಡಿದ ದಿನವೇ ಮುಗಿಸಬೇಕು ಅಲ್ವಾ, ಹಳೆಯದರಿಂದ ಪ್ರಯೋಜನವಿಲ್ಲ. ನೀರು ಇಳಿಯದ ಕುಂಡಕ್ಕೆ ಏನು ಸುರಿದರೂ ಅಷ್ಟೇ.

ಜುನಿಪರ್ ಉಳಿಸೋಣ. ದೂರದಿಂದ ಲಾರಿಯಲ್ಲಿ ಬರುವ ಗಿಡಕ್ಕೆ ಬೇರು ಅಲುಗದಿರಲಿ ಅಂತ ಜೇಡಿಮಣ್ಣು ಮೆತ್ತಿರುತ್ತಾರೆ. ಸುತ್ತ ನೀವು ಎಷ್ಟೇ ಒಳ್ಳೆ ಮಣ್ಣು ತುಂಬಿದರೂ ನಡುವಿನ ಉಂಡೆ ಒದ್ದೆಯಾಗೇ ಇರುತ್ತದೆ. ಅಕ್ಟೋಬರ್ ಕೊನೆಗೆ ಮಳೆ ಹಿಂದಾದ ಮೇಲೆ ಬಿದಿರು ಕಡ್ಡಿಯಿಂದ ಉಂಡೆಯ ಹೊರಭಾಗ ಮಾತ್ರ ಬಿಡಿಸಿ. ಪೂರ್ತಿ ತೊಳೆಯಬೇಡಿ, ಮುಂದಿನ ವರ್ಷಕ್ಕೂ ಸ್ವಲ್ಪ ಇರಲಿ. ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ನಮ್ಮ ಮಳೆಗೆ ಬೇಡ ಮಾರಾಯ್ರೇ. ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಡಿ. ಅಲ್ಲಿವರೆಗೆ ಮಳೆ ನೇರ ಬೀಳದ, ಬೆಳಕು ಜಾಸ್ತಿ ಇರುವ ಕಡೆ ಇಡಿ.

ಪ್ರಶ್ನೆ (ಶಿವಮೊಗ್ಗ): ನಮ್ಮಲ್ಲಿ ತೀರ್ಥಹಳ್ಳಿಯಷ್ಟು ಮಳೆ ಇಲ್ಲ ಸರ್. ಆದರೆ ಮಾರ್ಚ್‌ನಲ್ಲಿ ಜುನಿಪರ್ ಬೂದಿ ಬಣ್ಣಕ್ಕೆ ತಿರುಗಿತ್ತು. ಬಿಸಿಲಿಗಾ?

ಉತ್ತರ: ನುಸಿ ಇರಬಹುದು. ಮುಂದಿನ ಸಲ ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ. ಬಿದ್ದ ಧೂಳಿನಲ್ಲಿ ಚುಕ್ಕೆಗಳು ಹರಿದಾಡಿದರೆ ಅದೇ. ಬೆಳಿಗ್ಗೆ ಪೈಪಿನಲ್ಲಿ ಗಿಡದ ಒಳಗೆಲ್ಲ ಜೋರಾಗಿ ನೀರು ಬಿಡಿ, ಮೂರು ನಾಲ್ಕು ದಿನಕ್ಕೊಮ್ಮೆ. ಇನ್ನು ಬಿಸಿಲು ಗಿಡಕ್ಕೆ ಬೇಕು, ಕುಂಡದ ಮೈಗೆ ಬೇಡ. ಪಶ್ಚಿಮದ ಕಡೆಗೆ ಬೇರೆ ಕುಂಡಗಳನ್ನು ಅಡ್ಡ ಇಡಿ.

ಪ್ರಶ್ನೆ (ಸಾಗರ): ಹೊಸದಾಗಿ ಶುರು ಮಾಡುವವರಿಗೆ ಯಾವುದು ಒಳ್ಳೆಯದು?

ಉತ್ತರ: ಥೂಜಾ. ಮೋರ್‌ಪಂಖಿ ಅಂತಲೂ ಮಾರುತ್ತಾರೆ. ಕ್ರಿಸ್ಮಸ್ ಗಿಡ ಅಂತ ಕೊಡುವ ಅರೌಕೇರಿಯಾ ಕೂಡ ಆಗುತ್ತದೆ, ಆದರೆ ತುದಿ ಕತ್ತರಿಸಿದರೆ ಆ ಚಂದದ ಆಕಾರ ಹೋಯಿತು. ಪೋಡೋಕಾರ್ಪಸ್‌ ನನಗೆ ಇಷ್ಟ. ಅದರ ಹತ್ತಿರದ ಸಂಬಂಧಿ ನಾಗೇಯಾ ವಾಲಿಚಿಯಾನಾ, ದಕ್ಷಿಣ ಭಾರತದ ಕಾಡಲ್ಲಿ ತಾನಾಗೇ ಬೆಳೆಯುವ ಒಂದೇ ಒಂದು ಕೋನಿಫರ್ (ಸೈಪ್ರಸ್, ಜುನಿಪರ್ ಸೇರುವ ಗಿಡಗಳ ಗುಂಪು). ಸೂಜಿ ಎಲೆಯೇ ಇಲ್ಲ, ಅಗಲ ಎಲೆ. ಪಶ್ಚಿಮ ಘಟ್ಟದ ಮಳೆ ಅದಕ್ಕೆ ತವರುಮನೆ. ಅದರ ಸಸಿ ಯಾವುದಾದರೂ ನರ್ಸರಿಯಲ್ಲಿ ಕಂಡರೆ ನನಗೂ ಒಂದು ಹಿಡಿದಿಡಿ.