ಸಮಾಧಾನ ಮಾಡಿಕೊಳ್ಳುವುದೋ, ಹೊಂದುವುದೋ?

ಗೆಳೆಯರೇ,

ಎಲ್ಲರೂ ದಿನಾ ಬಳಸುವ ಒಂದು ಪದದ ಬಗ್ಗೆ ಕೇಳಬೇಕಿತ್ತು: 'ಸಮಾಧಾನ'.

ನಮ್ಮ ಚರ್ಚಿನ ಸಭೆಯಲ್ಲಿ ಮನೆಯವರನ್ನು ಕಳೆದುಕೊಂಡವರಿಗಾಗಿ ತಿಂಗಳಿಗೊಮ್ಮೆ ಸಣ್ಣ ಕೂಟ ನಡೆಯುತ್ತದೆ. ಅಲ್ಲಿ ಹಂಚಲು ನಾಲ್ಕು ಪುಟ ಕನ್ನಡದಲ್ಲಿ ಬರೆಯುವ ಕೆಲಸ ನನಗೆ ಬಂದಿದೆ. ಮನಸ್ಸಿನ ನೋವನ್ನು ಮುಚ್ಚಿಟ್ಟುಕೊಂಡು ನಂಬಿಕೆಯಲ್ಲಿ ಬೆಳೆಯೋಕೆ ಆಗಲ್ಲ ಅನ್ನುವುದು ವಿಷಯ. ಮೊದಲು 'ಭಾವನಾತ್ಮಕ ಆರೋಗ್ಯ' ಅಂತ ಬರೆದೆ, ಆಮೇಲೆ ಹೊಡೆದು ಹಾಕಿದೆ. ಗಂಡ ತೀರಿಕೊಂಡು ಎರಡು ತಿಂಗಳಾದ ಅಕ್ಕನ ಮುಂದೆ ಆ ಮಾತು ಓದಲು ಬಾಯಿ ಬರಲ್ಲ. ಅಲ್ಲಿ ತಾನಾಗಿ ಬರುವ ಪದ ಸಮಾಧಾನವೇ.

ಆದರೆ ಆ ಪದವೇ ನನಗೆ ನೋವು ಕೊಟ್ಟಿತ್ತು. ಅಮ್ಮ ಹೋದಾಗ ಮನೆಗೆ ಬಂದವರೆಲ್ಲ ಕೈ ಹಿಡಿದು "ಸಮಾಧಾನ ಮಾಡ್ಕೋಪ್ಪಾ, ಅಮ್ಮ ಕರ್ತನ ಹತ್ರ ಇದ್ದಾರೆ" ಅಂದರು. ಪ್ರೀತಿಯಿಂದಲೇ ಅಂದರು. ನನಗೆ ಕೇಳಿಸಿದ್ದು ಮಾತ್ರ 'ಅಳು ನಿಲ್ಲಿಸು' ಅಂತ. ಅತ್ತರೆ ನಂಬಿಕೆ ಸಾಲದು ಅಂತಾಗುತ್ತದೆ ಎಂದುಕೊಂಡೆ. ಎಷ್ಟೋ ತಿಂಗಳು ಪ್ರಾರ್ಥನೆಯಲ್ಲೂ ಅಳು ತಡೆದುಕೊಂಡೆ.

ಈಗ ಈ ಹಾಳೆಗಾಗಿ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪದವನ್ನು ಹುಡುಕುತ್ತಾ ಹೋದೆ. ಮತ್ತಾಯ 5:4ರಲ್ಲಿ ದುಃಖಪಡುವವರು ಧನ್ಯರು, ಅವರು 'ಸಮಾಧಾನ ಹೊಂದುವರು' ಎಂದಿದೆ. ಲೂಕ 7:50ರಲ್ಲಿ ಯೇಸು ತನ್ನ ಪಾದದ ಬಳಿ ಅಳುತ್ತಿದ್ದ ಹೆಂಗಸಿಗೆ 'ಸಮಾಧಾನದಿಂದ ಹೋಗು' ಅನ್ನುತ್ತಾನೆ. ಕನ್ನಡದಲ್ಲಿ ಎರಡೂ ಕಡೆ ಒಂದೇ ಪದ. ಮೂಲದ ಗ್ರೀಕಿನಲ್ಲಿ ಬೇರೆ ಬೇರೆ. ಲೂಕನಲ್ಲಿರುವುದು 'ಐರೇನೇ', ಅಂದರೆ ಶಾಂತಿ, ಹೀಬ್ರೂವಿನ 'ಶಾಲೋಮ್'ಗೆ ಸಮನಾದ ಪದ. ಮತ್ತಾಯನಲ್ಲಿರುವುದು 'ಪರಾಕಲೇಓ', ಪಕ್ಕಕ್ಕೆ ಕರೆದು ಸಂತೈಸುವುದು. ಅದೂ ಕರ್ಮಣಿ ಪ್ರಯೋಗದಲ್ಲಿದೆ. ಸಂತೈಸುವವರು ಬೇರೆ ಯಾರೋ. ದುಃಖಪಡುವವರ ತಲೆ ಮೇಲೆ ಆ ಕೆಲಸ ಹೊರಿಸಿಲ್ಲ.

ಹಾಗಾಗಿ ತೊಂದರೆ ಇರುವುದು ನಾವು ಜೊತೆಗೆ ಸೇರಿಸುವ ಕ್ರಿಯಾಪದದಲ್ಲಿ ಅಂತ ನನಗೆ ಅನ್ನಿಸುತ್ತದೆ. 'ಸಮಾಧಾನ ಆಯ್ತು' ಅಂದರೆ ಅದು ನಮ್ಮ ಬಳಿಗೆ ತಾನಾಗಿ ಬಂತು. 'ಸಮಾಧಾನ ಹೇಳಿದರು' ಅಂದರೆ ಇನ್ನೊಬ್ಬರು ಜೊತೆಗೆ ಕೂತರು. 'ಮಾಡ್ಕೋ' ಅಂದ ಕೂಡಲೇ ಎಲ್ಲಾ ಭಾರ ಅಳುವವರ ಮೇಲೇ ಬಿತ್ತು. ನಮ್ಮ ಮಾತಿನಲ್ಲೇ 'ಅತ್ತು ಅತ್ತು ಸಮಾಧಾನ ಆಯ್ತು' ಅಂತ ಇದೆಯಲ್ವಾ? ಅಲ್ಲಿ ಅಳುವೇ ದಾರಿ. ಲೂಕನ ಆ ಹೆಂಗಸೂ ಹಾಗೇ. ಕಣ್ಣೀರಿನಿಂದ ಯೇಸುವಿನ ಪಾದ ತೊಳೆದಳು, ತಲೆಗೂದಲಿನಿಂದ ಒರೆಸಿದಳು. ಅಲ್ಲಿ ಆತ ಅವಳಿಗೆ ಅಳಬೇಡ ಅನ್ನಲಿಲ್ಲ. 'ಸಮಾಧಾನದಿಂದ ಹೋಗು' ಅಂದದ್ದು ಅಷ್ಟೆಲ್ಲ ಆದ ಮೇಲೆ.

ನಾಯಿನ್ ಊರಿನ ವಿಧವೆಗೆ ಯೇಸು 'ಅಳಬೇಡ' ಅಂದನಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಅದೇ ಅಧ್ಯಾಯದ 13ನೇ ವಚನ. ಆದರೆ ಅಂದವನು ಆ ತಾಯಿಗೆ ಸತ್ತ ಮಗನನ್ನು ಜೀವಂತ ಒಪ್ಪಿಸಿದ. ನಮ್ಮ ಕೈಲಿ ಅದು ಆಗಲ್ಲ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಆತನೇ ಅತ್ತ.

ಯೆರೆಮೀಯ 6:14 ಓದಿದಾಗಲಂತೂ ಸುಮ್ನೆ ಕೂತುಬಿಟ್ಟೆ. ಶಾಲೋಮ್ ಇಲ್ಲದಿದ್ದರೂ 'ಶಾಲೋಮ್, ಶಾಲೋಮ್' ಅನ್ನುತ್ತಾ ಜನರ ಗಾಯವನ್ನು ಮೇಲೆ ಮೇಲೆ ವಾಸಿ ಮಾಡುವವರ ಮೇಲೆ ಪ್ರವಾದಿ ಅಲ್ಲಿ ಸಿಟ್ಟಾಗುತ್ತಾನೆ. ನಮ್ಮ 'ಸಮಾಧಾನ ಮಾಡ್ಕೋ' ಎಷ್ಟೋ ಸಲ ಇದೇ ಅಲ್ವಾ?

ಪದದ ಬೇರು ನೋಡಿದರೆ ಸಂತೋಷವಾಗುತ್ತದೆ. ಸಂಸ್ಕೃತದ ಸಮ್, ಆ, ಧಾ ಸೇರಿ ಆದದ್ದು, ಒಟ್ಟುಗೂಡಿಸಿ ಇಡುವುದು ಎಂದರ್ಥ. 'ಸಮಾಧಿ'ಯೂ ಅದೇ ಬೇರಿನದು. ವೇದಾಂತದಲ್ಲಿ ಶಮ, ದಮ ಮೊದಲಾದ ಆರು ಸಾಧನೆಗಳಲ್ಲಿ ಒಂದು ಸಮಾಧಾನ, ಮನಸ್ಸನ್ನು ಒಂದೆಡೆ ನಿಲ್ಲಿಸುವುದು. ಶಾಲೋಮ್‌ನ ಬೇರಿನಲ್ಲಿರುವುದು ಪೂರ್ತಿಯಾಗಿರುವುದು, ಕೊರತೆ ಇಲ್ಲದಿರುವುದು. ಚೆದುರಿದ ಮನಸ್ಸು ಮತ್ತೆ ಕೂಡಿಕೊಳ್ಳುವುದು ಅಂದರೆ ಎರಡೂ ಎಷ್ಟು ಹತ್ತಿರ! ತಮಿಳು, ತೆಲುಗು, ಮಲಯಾಳ ಬೈಬಲ್‌ಗಳಲ್ಲೂ ಶಾಲೋಮ್‌ಗೆ ಇದೇ ಪದ ಇದೆ. ತೆಲುಗಿನ ದಿನದ ಮಾತಿನಲ್ಲಿ ಮಾತ್ರ ಅದಕ್ಕೆ ಉತ್ತರ ಅನ್ನುವ ಅರ್ಥವೇ ಜಾಸ್ತಿ.

ನನ್ನ ಪ್ರಶ್ನೆ ಇಷ್ಟು. ಸಾವಿನ ಮನೆಯಲ್ಲಿ ನಿಮ್ಮ ಕಡೆ ಏನು ಹೇಳುತ್ತಾರೆ? ಮಂಗಳೂರು, ಧಾರವಾಡ, ಬಳ್ಳಾರಿ, ಕೊಳ್ಳೇಗಾಲ, ಎಲ್ಲಿಯದಾದರೂ ಸರಿ, ಯಾವ ಧರ್ಮದವರ ಮಾತಾದರೂ ಸರಿ. ಅಳುವುದಕ್ಕೆ ಜಾಗ ಬಿಟ್ಟು ಸಂತೈಸುವ ಮಾತು ಬೇಕು. 'ಅತ್ತುಬಿಡು, ಹಗುರ ಆಗುತ್ತೆ' ಅಂತ ನಮ್ಮ ಅಜ್ಜಿ ಅನ್ನುತ್ತಿದ್ದರು. ಅಂಥವು ಇನ್ನೂ ಇರಬೇಕು. ಇನ್ನೊಂದು, ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮಾಡಿದ ಕನ್ನಡ ಬೈಬಲ್ ಅನುವಾದದ ಅಥವಾ ಬಾಸೆಲ್ ಮಿಷನ್‌ನವರ ಹಳೆಯ ಪ್ರತಿ ಯಾರ ಬಳಿಯಾದರೂ ಇದ್ದರೆ ಮತ್ತಾಯ 5:4, ಲೂಕ 7:50 ಎರಡನ್ನೂ ನೋಡಿ, ಇದ್ದ ಹಾಗೇ ಬರೆದು ಕಳಿಸಿ.

ಸದ್ಯಕ್ಕೆ ಹಾಳೆಯಲ್ಲಿ 'ಸಮಾಧಾನ ಹೊಂದುವವರೆಗೆ ನಾವು ಜೊತೆಗಿರುತ್ತೇವೆ' ಅಂತ ಬರೆದಿದ್ದೇನೆ. ತಿದ್ದುವುದಿದ್ದರೆ ದಯವಿಟ್ಟು ತಿದ್ದಿ. ತಿಂಗಳ ಕೊನೇ ಭಾನುವಾರಕ್ಕೆ ಮುಂಚೆ ಅಚ್ಚಿಗೆ ಕೊಡಬೇಕು.